ಆಟಿನ್ ಎಕ್ಕ, ಹತ್ತು, ಆರು

ನಮ್ಮ ತವರಿನಲ್ಲಿ ಇಸ್ಪೀಟು ಎಲೆಗಳಿಗೆ ಜಾಗವಿರಲಿಲ್ಲ. ಒಂದು ದೀಪಾವಳಿಯ ರಾತ್ರಿ ಸೋದರಮಾವ ಅಡಿಕೆ ಮಂಡಿಯಿಂದ ತಂದಿದ್ದ ಮುಂಗಡವನ್ನೆಲ್ಲ ಮೂರೆಲೆ ಆಟದಲ್ಲಿ ಕಳೆದುಕೊಂಡು, ಬೆಳಗಿನ ಜಾವ ಬರಿಗೈಯಲ್ಲಿ ಮನೆಗೆ ಬಂದಿದ್ದರು. ನನಗಾಗ ಒಂಬತ್ತು ವರ್ಷ. ಅಜ್ಜಿ ಮನೆಯಲ್ಲಿದ್ದ ಎರಡು ಕಟ್ಟು ಎಲೆಗಳನ್ನು ತಂದು ಬಚ್ಚಲೊಲೆಗೆ ಹಾಕಿದರು. ರಾಜ ರಾಣಿಯರ ಮುಖಗಳು ಸುರುಟಿಕೊಂಡು ಕಪ್ಪಾಗುವುದನ್ನು ನಾನು ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ನೋಡಿದ್ದೆ. ಆ ರಾತ್ರಿಯ ಕಥೆ ಮನೆಯಲ್ಲಿ ಒಂದೇ ರೂಪದಲ್ಲಿ ಉಳಿಯಿತು. "ಕೈಯಲ್ಲಿ ಕಲರ್ ಇತ್ತಂತೆ, ಎಕ್ಕದ ಕಲರ್. ಎದುರಿನವನ ಹತ್ತಿರ ಸೀಕ್ವೆನ್ಸ್. ಎಲೆ ನಂಬಿದವರ ಗತಿ ಇಷ್ಟೇ" ಎಂದು ಅಮ್ಮ ಹೇಳುತ್ತಿದ್ದರು. ಕಲರ್ ಎಂದರೆ ಮೂರೂ ಒಂದೇ ಜಾತಿಯ ಎಲೆಗಳು, ಸೀಕ್ವೆನ್ಸ್ ಎಂದರೆ ಸಾಲಾಗಿ ಬರುವ ಮೂರು ಅಂಕಿಗಳು. ಇದನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ಅಂಥ ಮನೆಯಿಂದ ಬಂದ ನಾನು ಪದವಿಪೂರ್ವ ಕಾಲೇಜಿನಲ್ಲಿ 31 ವರ್ಷ ಗಣಿತ ಕಲಿಸಿದೆ. ಪ್ರತಿ ವರ್ಷವೂ ಸಂಭವನೀಯತೆಯ ಅಧ್ಯಾಯ ಬರುತ್ತಿತ್ತು, ಅದರ ಜೊತೆಗೆ ಎಲೆಗಳೂ ಬರುತ್ತಿದ್ದವು. ಚೆನ್ನಾಗಿ ಕಲಸಿದ 52 ಎಲೆಗಳ ಕಟ್ಟಿನಿಂದ ಒಂದನ್ನು ತೆಗೆದರೆ ಅದು ರಾಜನಾಗಿರುವ ಸಂಭವನೀಯತೆ ಎಷ್ಟು? ಹಳ್ಳಿಗಳಿಂದ ಬಂದ ಹೆಣ್ಣುಮಕ್ಕಳು ಎದ್ದು ನಿಂತು, "ಮೇಡಂ, ಒಂದು ಕಟ್ಟಿನಲ್ಲಿ ರಾಜರು ಎಷ್ಟು ಮಂದಿ?" ಎಂದು ಕೇಳುತ್ತಿದ್ದರು. ನಾನು ಕಪ್ಪುಹಲಗೆಯ ಮೇಲೆ ಇಸ್ಪೀಟು, ಆಟಿನ್, ಡೈಮಂಡ್, ಕಳಾವರ್ ಚಿತ್ರಗಳನ್ನು ಬರೆದು ತೋರಿಸುತ್ತಿದ್ದೆ. ಆದರೆ ಅಷ್ಟು ವರ್ಷಗಳಲ್ಲಿ ಒಂದು ಸಲವೂ ಎಲೆಗಳ ಕಟ್ಟನ್ನು ಕೈಯಲ್ಲಿ ಹಿಡಿದಿರಲಿಲ್ಲ.

ನಿವೃತ್ತಿಯಾದ ಮರುವರ್ಷ, 2020ರಲ್ಲಿ, ಲಾಕ್‌ಡೌನ್ ಬಂತು. ಬೆಂಗಳೂರಿನಲ್ಲಿದ್ದ ಮಗ ಮತ್ತು ಸೊಸೆ ಮೈಸೂರಿಗೆ ಬಂದು ನನ್ನ ಮತ್ತು ನಮ್ಮ ಯಜಮಾನರ ಜೊತೆಗೇ ಇದ್ದರು. ಸಂಜೆಯ ಹೊತ್ತು ಚೌಕಾಬಾರ ಆಡಿ ಆಡಿ ಬೇಸರವಾದಾಗ ಮಗ ಪೋಕರ್ ಕಲಿಸುತ್ತೇನೆಂದ. ನನ್ನ ಮುಖ ನೋಡಿ, "ದುಡ್ಡಿಲ್ಲ ಅಮ್ಮ, ಹುಣಸೆಬೀಜ" ಎಂದ. ಚೌಕಾಬಾರಕ್ಕೆಂದು ಡಬ್ಬದಲ್ಲಿ ಕೂಡಿಟ್ಟಿದ್ದ ಬೀಜಗಳನ್ನು ಹಾಸಿದ ಚಾಪೆಯ ಮೇಲೆ ಸುರಿದು ತಲಾ 200 ಎಣಿಸಿಕೊಂಡೆವು.

ಆಟ ಸುಲಭ. ಪ್ರತಿಯೊಬ್ಬರಿಗೂ ಎರಡೆರಡು ಎಲೆ, ಬೇರೆಯವರಿಗೆ ಕಾಣದಂತೆ. ಆಮೇಲೆ ನಡುವೆ ಎಲ್ಲರಿಗೂ ಸೇರಿದ ಐದು ಎಲೆಗಳು ತೆರೆದುಕೊಳ್ಳುತ್ತವೆ: ಮೊದಲು ಒಟ್ಟಿಗೆ ಮೂರು, ಅದು ಫ್ಲಾಪ್, ನಂತರ ಒಂದು, ಟರ್ನ್, ಕೊನೆಗೆ ಒಂದು, ರಿವರ್. ಏಳರಲ್ಲಿ ಒಳ್ಳೆಯ ಐದನ್ನು ಆರಿಸಿಕೊಳ್ಳಬೇಕು. ಪ್ರತಿ ಹಂತದಲ್ಲೂ ಬೀಜ ಹಾಕಬೇಕು, ಇಲ್ಲವೇ ಎಲೆ ಕೆಳಗಿಟ್ಟು ಸುಮ್ಮನಾಗಬೇಕು. ಯಾವುದು ಯಾವುದಕ್ಕಿಂತ ದೊಡ್ಡದು ಎಂದು ಮಗ ಒಂದು ಹಾಳೆಯಲ್ಲಿ ಬರೆದುಕೊಟ್ಟ. ಅದನ್ನು ಓದುತ್ತಾ ನಾನು ಅಲ್ಲೇ ನಿಂತೆ. ಫ್ಲಶ್, ಅಂದರೆ ಐದೂ ಒಂದೇ ಜಾತಿಯ ಎಲೆಗಳು, ಸ್ಟ್ರೈಟ್‌ಗಿಂತ, ಅಂದರೆ ಸಾಲಾಗಿ ಬರುವ ಐದು ಅಂಕಿಗಳಿಗಿಂತ, ಮೇಲಿತ್ತು.

"ಕಲರ್ ದೊಡ್ಡದೇ? ಸೀಕ್ವೆನ್ಸ್ ಅಲ್ಲವೇ?"

"ಮೂರೆಲೆಯಲ್ಲಿ ಸೀಕ್ವೆನ್ಸ್ ದೊಡ್ಡದು, ಇದರಲ್ಲಿ ಕಲರ್ ದೊಡ್ಡದು" ಎಂದ ಮಗ, ಅದೇನೂ ದೊಡ್ಡ ವಿಷಯವಲ್ಲ ಎನ್ನುವ ಹಾಗೆ.

ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ಎಣಿಸಲು ಕುಳಿತೆ. 52 ಎಲೆಗಳಿಂದ ಮೂರನ್ನು ಆರಿಸುವ ಬಗೆಗಳು 22,100. ಅದರಲ್ಲಿ ಸೀಕ್ವೆನ್ಸ್ 720, ಕಲರ್ 1,096. ಸೀಕ್ವೆನ್ಸ್ ಅಪರೂಪ, ಆದ್ದರಿಂದ ಅದಕ್ಕೆ ಬೆಲೆ ಹೆಚ್ಚು. ಐದು ಎಲೆಗಳಾದರೆ ಬಗೆಗಳು 25,98,960. ಅಲ್ಲಿ ಸ್ಟ್ರೈಟ್ 10,200, ಫ್ಲಶ್ 5,108. ಈಗ ಕಲರ್ ಅಪರೂಪವಾಯಿತು! ಎರಡು ಎಲೆ ಹೆಚ್ಚಾದ ಮಾತ್ರಕ್ಕೆ ಸಾಲು ತಿರುವುಮುರುವಾಗುತ್ತದೆ. ಐದೂ ಎಲೆಗಳನ್ನು ಒಂದೇ ಜಾತಿಯಲ್ಲಿ ಹಿಡಿದಿಡುವುದು ಮೂರನ್ನು ಹಿಡಿದಿಡುವುದಕ್ಕಿಂತ ಅಷ್ಟು ಕಷ್ಟ. ಮೂರೆಲೆಯ ನಿಯಮದಲ್ಲಿ ಒಂದು ಸಣ್ಣ ತಪ್ಪೂ ಕಣ್ಣಿಗೆ ಬಿತ್ತು: ಒಂದೇ ಅಂಕಿಯ ಮೂರು ಎಲೆಗಳು 52 ಬಗೆಯಲ್ಲಿ ಬರುತ್ತವೆ, ಒಂದೇ ಜಾತಿಯ ಸೀಕ್ವೆನ್ಸ್ 48 ಬಗೆಯಲ್ಲಿ. ಅಪರೂಪವೇ ಅಳತೆಯಾದರೆ ಎರಡನೆಯದು ಮೇಲಿರಬೇಕಿತ್ತು. ಆಟದಲ್ಲಿ ಮೊದಲನೆಯದನ್ನೇ ಮೇಲಿಟ್ಟಿದ್ದಾರೆ. ಇವನ್ನೆಲ್ಲ ಬರೆದುಕೊಳ್ಳುವಾಗ ಮಾವನ ಎಕ್ಕದ ಕಲರ್ ಕಣ್ಣ ಮುಂದೆಯೇ ಇತ್ತು. ಆದರೆ ಅದನ್ನು ಎಣಿಸುವ ಧೈರ್ಯ ಅಂದು ಬರಲಿಲ್ಲ.

ಇಷ್ಟು ಲೆಕ್ಕ ಬಲ್ಲವಳು ಗೆಲ್ಲಬೇಕಿತ್ತು. ಮೊದಲ ಮೂರು ವಾರ ಪ್ರತಿ ರಾತ್ರಿಯೂ ನನ್ನ ಮುಂದಿನ ಬೀಜಗಳೇ ಮೊದಲು ಖಾಲಿಯಾಗುತ್ತಿದ್ದವು. ಕಾರಣ ಗೊತ್ತಾದದ್ದು ಒಂದು ನಿರ್ದಿಷ್ಟ ಆಟದಲ್ಲಿ. ನನ್ನ ಕೈಯಲ್ಲಿ ಆಟಿನ್ ಎಕ್ಕ, ಆಟಿನ್ ಎಂಟು. ನಡುವೆ ಆಟಿನ್ ರಾಜ, ಆಟಿನ್ ನಾಲ್ಕು, ಕಳಾವರ್ ಗುಲಾಮ. ಇನ್ನೊಂದು ಆಟಿನ್ ಬಂದರೆ ನನ್ನದು ಎಕ್ಕದ ಫ್ಲಶ್. ಗುಡ್ಡೆಯಲ್ಲಿ 60 ಬೀಜವಿತ್ತು. ಮಗ 30 ಹಾಕಿದ. "ಬರಬಹುದು" ಎಂದುಕೊಂಡು ನಾನೂ 30 ಎಣಿಸಿ ಮುಂದೆ ತಳ್ಳಿದೆ.

"ಏಕೆ ಹಾಕಿದೆ ಅಮ್ಮ?"

"ಆಟಿನ್ ಬರಬಹುದಲ್ಲ."

"ಬರಬಹುದು, ಸರಿ. ಎಷ್ಟಕ್ಕೆ?"

ಎಷ್ಟಕ್ಕೆ ಎಂಬ ಆ ಒಂದು ಪದ ನನ್ನನ್ನು ಹಿಡಿದು ನಿಲ್ಲಿಸಿತು. ದೇವರಾಜ ಮಾರುಕಟ್ಟೆಯಲ್ಲಿ ಬದನೆಕಾಯಿ ಚೆನ್ನಾಗಿದೆಯೆಂದು ಬೆಲೆ ಕೇಳದೆ ಚೀಲಕ್ಕೆ ತುಂಬಿಕೊಂಡವಳಲ್ಲ ನಾನು. ಚಾಪೆಯ ಮೇಲೆ ಮಾತ್ರ ಬೆಲೆ ಕೇಳುವುದನ್ನು ಮರೆತಿದ್ದೆ. ಮಗ ಬೀಜಗಳನ್ನು ಸರಿಸಿ ತೋರಿಸಿದ. ಗುಡ್ಡೆಯ 60ಕ್ಕೆ ಅವನ 30 ಸೇರಿ 90. ನನ್ನ 30 ಸೇರಿದರೆ 120. ಆ 120ರಲ್ಲಿ ನಾನು ಕೊಡುತ್ತಿರುವುದು 30, ಅಂದರೆ ಕಾಲು ಭಾಗ. ನಾಲ್ಕು ಸಲದಲ್ಲಿ ಒಂದಕ್ಕಿಂತ ಹೆಚ್ಚು ಗೆಲ್ಲುವಂತಿದ್ದರೆ ಈ ಬೆಲೆಗೆ ಕೊಳ್ಳಬಹುದು, ಕಡಿಮೆಯಾದರೆ ಎಲೆ ಕೆಳಗಿಡಬೇಕು. ಇನ್ನು ಗೆಲುವಿನ ಲೆಕ್ಕ. ಒಟ್ಟು 13 ಆಟಿನ್‌ಗಳಲ್ಲಿ ನಾಲ್ಕು ನನ್ನ ಕಣ್ಣಿಗೆ ಬಿದ್ದಿವೆ, ಉಳಿದದ್ದು ಒಂಬತ್ತು. ನಾನು ಕಂಡಿರುವುದು ಐದು ಎಲೆ, ಕಾಣದಿರುವುದು 47. ಮುಂದಿನ ಎಲೆ ಆಟಿನ್ ಆಗುವ ಸಾಧ್ಯತೆ 47ರಲ್ಲಿ ಒಂಬತ್ತು, ಶೇಕಡ 19.1. ಎರಡು ಎಲೆಗಳಲ್ಲಿ ಒಂದಾದರೂ ಬರುವ ಸಾಧ್ಯತೆ ಶೇಕಡ 35.

ಇದು ನಾನು ಕಪ್ಪುಹಲಗೆಯ ಮೇಲೆ ನೂರಾರು ಸಲ ಮಾಡಿದ ಲೆಕ್ಕ. ಆದರೆ ಶಾಲೆಯ ಲೆಕ್ಕದಲ್ಲಿ ಉತ್ತರ ಬಂದ ಕೂಡಲೇ ಕೆಲಸ ಮುಗಿಯುತ್ತದೆ, ಕೆಳಗೆ ಎರಡು ಗೆರೆ ಎಳೆಯುತ್ತೇವೆ. ಶೇಕಡ 35 ಒಳ್ಳೆಯದೋ ಕೆಟ್ಟದ್ದೋ ಎಂದು ಯಾರೂ ಕೇಳುವುದಿಲ್ಲ. ಚಾಪೆಯ ಮೇಲೆ ಆ ಸಂಖ್ಯೆಗೆ ತನ್ನಷ್ಟಕ್ಕೆ ಅರ್ಥವೇ ಇಲ್ಲ. ಪಕ್ಕದಲ್ಲಿ ಬೆಲೆ ನಿಂತಾಗ ಅದಕ್ಕೆ ಜೀವ ಬರುತ್ತದೆ. 1654ರಲ್ಲಿ ಫ್ರಾನ್ಸಿನ ಗಣಿತಜ್ಞರಾದ ಪ್ಯಾಸ್ಕಲ್ ಮತ್ತು ಫರ್ಮಾ ಪತ್ರಗಳಲ್ಲಿ ಚರ್ಚಿಸಿದ್ದೂ ಇಂಥದ್ದೇ ಪ್ರಶ್ನೆ. ಆಟ ಅರ್ಧಕ್ಕೆ ನಿಂತರೆ ಪಣದ ಹಣವನ್ನು ಹಂಚಿಕೊಳ್ಳುವುದು ಹೇಗೆ ಎಂಬುದು ಜೂಜುಗಾರನೊಬ್ಬ ಪ್ಯಾಸ್ಕಲ್‌ನ ಮುಂದಿಟ್ಟ ಸಮಸ್ಯೆ. ಅವರಿಬ್ಬರೂ ಹಿಂದೆ ನಡೆದದ್ದನ್ನು ಬಿಟ್ಟು, ಮುಂದೆ ಏನೇನು ಆಗಬಹುದಿತ್ತು ಎಂಬುದನ್ನು ಎಣಿಸಿ ಪಾಲು ಹಾಕಿದರು. ತರಗತಿಯಲ್ಲಿ ಇದನ್ನು ಎರಡು ವಾಕ್ಯದಲ್ಲಿ ಹೇಳಿ ಮುಂದಕ್ಕೆ ಹೋಗುತ್ತಿದ್ದೆ. ಆ ಅಧ್ಯಾಯವನ್ನು ಅಲ್ಲಿಂದಲೇ ಆರಂಭಿಸಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ಸೊಸೆ ಅಂದು ಕೇಳಿದ ಪ್ರಶ್ನೆ ಇನ್ನೂ ಒಳ್ಳೆಯದು. "ಅತ್ತೆ, ನಮ್ಮ ಮೂವರ ಕೈಯಲ್ಲಿ ಆರು ಎಲೆಗಳಿವೆಯಲ್ಲ. ಅದರಲ್ಲೂ ಆಟಿನ್ ಇರಬಹುದು. ನೀವು 47 ಎಂದು ಹೇಗೆ ಹಿಡಿಯುತ್ತೀರಿ? ಕಟ್ಟಿನಲ್ಲಿ ಉಳಿದಿರುವುದು 41 ತಾನೇ?" ನಾನು ಎಲೆಗಳನ್ನು ಅವಳ ಕೈಗೇ ಕೊಟ್ಟೆ. ಮೇಲಿನ ಎಲೆಯನ್ನು ತೆಗೆ ಎಂದೆ. ಆಮೇಲೆ ಅದನ್ನು ಮತ್ತೆ ಸೇರಿಸಿ ಕಲಸಿ, ಮೊದಲ ಆರು ಎಲೆಗಳನ್ನು ನೋಡದೆ ಪಕ್ಕಕ್ಕಿಟ್ಟು ಏಳನೆಯದನ್ನು ತೆಗೆ ಎಂದೆ. ನೋಡದೆ ಇಟ್ಟ ಎಲೆ ನಿನ್ನ ಮಟ್ಟಿಗೆ ಕಟ್ಟಿನ ತಳದಲ್ಲಿದ್ದರೂ ಒಂದೇ, ನಿನ್ನ ಮಾವನವರ ಕೈಯಲ್ಲಿದ್ದರೂ ಒಂದೇ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಈ ಲೆಕ್ಕ ಎಲೆಗಳದ್ದಲ್ಲ, ನಮಗೆ ಏನು ಗೊತ್ತಿದೆ ಎಂಬುದರದ್ದು" ಎಂದಳು. ನನ್ನ 31 ವರ್ಷದ ಪಾಠದಲ್ಲಿ ಯಾವ ವಿದ್ಯಾರ್ಥಿಯೂ ಹೀಗೆ ಹೇಳಿರಲಿಲ್ಲ. ಹೇಳುವಂಥ ಸಂದರ್ಭವನ್ನು ನಾನೇ ಕೊಟ್ಟಿರಲಿಲ್ಲ.

ಮಗ ಒಂದು ಸುಲಭ ಸೂತ್ರ ಕೊಟ್ಟ. ಬೇಕಾದ ಎಲೆಗಳ ಸಂಖ್ಯೆಯನ್ನು, ಇನ್ನೂ ಎರಡು ಎಲೆ ಬರುವುದಿದ್ದರೆ ನಾಲ್ಕರಿಂದ ಗುಣಿಸು, ಒಂದೇ ಇದ್ದರೆ ಎರಡರಿಂದ ಗುಣಿಸು. ಒಂಬತ್ತು ನಾಲ್ಕಲಿ 36, ನಿಜವಾದದ್ದು 35. ಸಾಲಿನ ನಡುವಿನ ಒಂದು ಅಂಕಿಗಾಗಿ ಕಾಯುವಾಗ ಬೇಕಾದದ್ದು ನಾಲ್ಕು ಎಲೆ: 16, ನಿಜವಾದದ್ದು 16.5. ಆಡುವ ಹೊತ್ತಿನಲ್ಲಿ ಇಷ್ಟು ಸಾಕು. ಆದರೆ ಈ ಸುಲಭ ಸೂತ್ರವೇ ನನ್ನನ್ನು ತಿಂಗಳುಗಟ್ಟಲೆ ದಾರಿ ತಪ್ಪಿಸಿತು, ಇದನ್ನು ಹೊಸದಾಗಿ ಕಲಿಯುವವರಿಗೆ ಒತ್ತಿ ಹೇಳಬೇಕು. ಶೇಕಡ 35 ಎನ್ನುವುದು ಎರಡೂ ಎಲೆಗಳನ್ನು ನೋಡಿದಾಗಿನ ಮಾತು. ಟರ್ನ್‌ನಲ್ಲಿ ಆಟಿನ್ ಬಾರದಿದ್ದರೆ ಎದುರಿನವರು ಮತ್ತೆ ಬೀಜ ಹಾಕುತ್ತಾರೆ, ನಾನು ಎರಡನೆಯ ಸಲ ಬೆಲೆ ತೆರಬೇಕು. ಈಗ ಗುಡ್ಡೆ 120, ಮಗ 60 ಹಾಕಿದ. ನಾನು 60 ಹಾಕಿದರೆ ಮತ್ತೆ ಕಾಲು ಭಾಗವೇ. ಆದರೆ ಉಳಿದಿರುವುದು ಒಂದೇ ಎಲೆ, 46ರಲ್ಲಿ ಒಂಬತ್ತು, ಶೇಕಡ 19.6. ಬೆಲೆ ಹೆಚ್ಚಾಯಿತು. ಆಟಿನ್ ಬಂದ ಮೇಲೆ ಮಗನಿಂದ ಇನ್ನೂ ಕನಿಷ್ಠ 67 ಬೀಜ ಬರುತ್ತದೆ ಎಂಬ ನಂಬಿಕೆಯಿದ್ದರೆ ಮಾತ್ರ ಹಾಕಬಹುದು. ಮೂರನೆಯ ಆಟಿನ್ ನಡುವೆ ಬಿದ್ದ ಮೇಲೆ ಅವನು ಅಷ್ಟು ಹಾಕುತ್ತಾನೆಯೇ? ಇಲ್ಲಿ ಗಣಿತ ನಿಂತು ಮಗನ ಸ್ವಭಾವ ಆರಂಭವಾಗುತ್ತದೆ. ಅವನು ಚಿಕ್ಕಂದಿನಿಂದಲೂ ಒಮ್ಮೆ ಹಿಡಿದದ್ದನ್ನು ಬಿಡುವವನಲ್ಲ. ಹಾಗಾಗಿ ಅವನೆದುರು ಹಾಕುತ್ತಿದ್ದೆ, ಸೊಸೆಯೆದುರು ಎಲೆ ಕೆಳಗಿಡುತ್ತಿದ್ದೆ.

ಸೂತ್ರ ತಿಳಿದರೂ ಮನಸ್ಸು ನಂಬುವುದಿಲ್ಲ. ಒಂದು ಮಧ್ಯಾಹ್ನ ಆ ಐದು ಎಲೆಗಳನ್ನು ಪಕ್ಕಕ್ಕಿಟ್ಟು, ಉಳಿದ 47ನ್ನು ಕಲಸಿ ಎರಡೆರಡು ತೆಗೆಯುತ್ತಾ ಆಟಿನ್ ಬಂತೇ ಇಲ್ಲವೇ ಎಂದು ಗೆರೆ ಹಾಕುತ್ತಾ ಕುಳಿತೆ. ಮೊದಲ 20 ಸಲದಲ್ಲಿ ನಾಲ್ಕೇ ಸಲ ಬಂತು. ಶೇಕಡ 35 ಸುಳ್ಳಿರಬೇಕು ಎಂದು ನನಗೆ, ಗಣಿತದ ಮೇಷ್ಟರಾಗಿ ಬದುಕಿದವಳಿಗೆ, ನಿಜವಾಗಿಯೂ ಅನ್ನಿಸಿತು. ಅಷ್ಟೇ ಅಲ್ಲ, ಇಷ್ಟು ಹೊತ್ತು ಬಂದಿಲ್ಲ, ಇನ್ನು ಬಂದೇ ಬರಬೇಕು ಎಂಬ ನಿರೀಕ್ಷೆಯೂ ಒಳಗೆ ಎದ್ದಿತು. ಎಲೆಗೆ ನೆನಪಿಲ್ಲ. ಹಿಂದೆ ಬಾರದಿದ್ದುದನ್ನು ಅದು ಮುಂದೆ ತುಂಬಿಕೊಡುವುದಿಲ್ಲ. 200 ಸಲ ಮುಗಿಯುವಾಗ ಸಂಜೆಯ ದೀಪ ಹಚ್ಚುವ ಹೊತ್ತಾಗಿತ್ತು, ಗೆರೆಗಳು 67. ಆರಂಭದ ಕೊರತೆಯನ್ನು ಯಾವ ಶಕ್ತಿಯೂ ಬಂದು ಸರಿಮಾಡಿರಲಿಲ್ಲ. ಆಮೇಲಿನ 180ರ ನಡುವೆ ಆ 20 ಚಿಕ್ಕದಾಗಿ ಹೋಗಿತ್ತು, ಅಷ್ಟೆ. ಬೆರಳ ತುದಿಗಳು ಉರಿಯುತ್ತಿದ್ದವು, ಆದರೆ ಆ ಮಧ್ಯಾಹ್ನ ಕಲಿತದ್ದನ್ನು ಯಾವ ಪುಸ್ತಕವೂ ನನಗೆ ಕಲಿಸಿರಲಿಲ್ಲ.

ಆಗಸ್ಟ್‌ನಲ್ಲಿ ಒಂದು ರಾತ್ರಿ ನನ್ನ ಕೈಗೆ ಎರಡು ಎಕ್ಕಗಳು ಬಂದವು. 221 ಸಲಕ್ಕೊಮ್ಮೆ ಬರುವಂಥದ್ದು. ನಮ್ಮ ಯಜಮಾನರ ಕೈಯಲ್ಲಿ ಎರಡು ರಾಜ. ಇಬ್ಬರೂ ಇದ್ದ ಬೀಜಗಳನ್ನೆಲ್ಲ ಮುಂದೆ ತಳ್ಳಿ ಎಲೆ ತೆರೆದೆವು. ಅಂಥಲ್ಲಿ ಎಕ್ಕಗಳು ನೂರಕ್ಕೆ ಸುಮಾರು 82 ಸಲ ಗೆಲ್ಲುತ್ತವೆ. ರಿವರ್‌ನಲ್ಲಿ ಕಳಾವರ್ ರಾಜ ಬಿತ್ತು. "ನೀನು ಅಷ್ಟು ಹಾಕಬಾರದಿತ್ತು" ಎಂದರು ಇವರು, ಸಮಾಧಾನ ಮಾಡುವ ದನಿಯಲ್ಲೇ. ಹುಣಸೆಬೀಜಕ್ಕಾಗಿ ನಾನು ಎರಡು ದಿನ ಇವರೊಡನೆ ಸರಿಯಾಗಿ ಮಾತನಾಡಲಿಲ್ಲ. ನೋವು ಬೀಜ ಹೋದದ್ದಕ್ಕಲ್ಲ. ಸರಿಯಾಗಿ ಮಾಡಿದ್ದನ್ನು ತಪ್ಪೆಂದು ಕರೆದದ್ದು ಸಹಿಸಲಾಗಲಿಲ್ಲ.

ಪರೀಕ್ಷೆಯ ಮೌಲ್ಯಮಾಪನದಲ್ಲಿ ಹಂತಗಳಿಗೆ ಅಂಕ ಕೊಡುತ್ತೇವೆ. ಹಂತಗಳೆಲ್ಲ ಸರಿಯಿದ್ದು ಕೊನೆಯ ಸಾಲಿನಲ್ಲಿ ಕೈತಪ್ಪಿ ಉತ್ತರ ಬೇರೆಯಾದರೂ ಐದರಲ್ಲಿ ನಾಲ್ಕು ಅಂಕ ಸಿಗುತ್ತದೆ. ಪಕ್ಕದವನನ್ನು ನೋಡಿ ಉತ್ತರವನ್ನಷ್ಟೇ ಬರೆದವನಿಗೆ ಹೆಚ್ಚೆಂದರೆ ಒಂದು. ಈ ನ್ಯಾಯವನ್ನು ಸಾವಿರಾರು ಉತ್ತರ ಪತ್ರಿಕೆಗಳಿಗೆ ಕೊಟ್ಟಿದ್ದೇನೆ. ಮೂರನೆಯ ದಿನ ಒಂದು ನೋಟ್‌ಬುಕ್ ತೆಗೆದು ಕಾಲಂ ಎಳೆದೆ: ಕೈಯಲ್ಲಿದ್ದ ಎಲೆ, ಗುಡ್ಡೆ, ಕೇಳಿದ ಬೆಲೆ, ನನ್ನ ಅಂದಾಜು, ನಿರ್ಧಾರ. ಗೆದ್ದೆನೋ ಸೋತೆನೋ ಎಂಬುದಕ್ಕೆ ಕಾಲಂ ಇಡಲಿಲ್ಲ. ಮುಂದಿನ ಎಲೆ ತೆರೆಯುವ ಮೊದಲೇ ಬರೆದು ಮುಗಿಸುತ್ತಿದ್ದೆ. ರಾತ್ರಿ ಹಾಲು ಕುಡಿಯುತ್ತಾ ಕೆಂಪು ಪೆನ್ನಿನಿಂದ ಅಂಕ ಹಾಕುತ್ತಿದ್ದೆ. ಗೆದ್ದ ರಾತ್ರಿಗಳಲ್ಲಿ ಎಷ್ಟೋ ಸಲ ನನಗೆ ಹತ್ತಕ್ಕೆ ಮೂರು ಬಂದಿದೆ.

ವನಪರ್ವದ ನಳನ ಕಥೆ ಆ ದಿನಗಳಲ್ಲಿ ಮತ್ತೆ ಮತ್ತೆ ನೆನಪಾಯಿತು. ಜೂಜಿನಲ್ಲಿ ರಾಜ್ಯ ಕಳೆದುಕೊಂಡ ನಳ ಬಾಹುಕನಾಗಿ ಋತುಪರ್ಣನ ರಥ ಓಡಿಸುತ್ತಿದ್ದಾನೆ. ದಾರಿಯಲ್ಲಿ ತಾರೆಯ ಮರ ಕಂಡು, ಅದರ ಎರಡು ಕೊಂಬೆಗಳಲ್ಲಿ ಐದು ಕೋಟಿ ಎಲೆ, 2,095 ಹಣ್ಣು ಇವೆ ಎನ್ನುತ್ತಾನೆ ಋತುಪರ್ಣ. ನಳ ನಂಬುವುದಿಲ್ಲ. ಅವಸರವಿದೆ ಎಂದರೂ ಕೇಳದೆ ರಥ ನಿಲ್ಲಿಸಿ ಎಣಿಸುತ್ತಾನೆ, ಲೆಕ್ಕ ಸರಿಹೋಗುತ್ತದೆ. ಆಗ ತನ್ನ ಅಶ್ವಹೃದಯವನ್ನು, ಅಂದರೆ ಕುದುರೆಗಳ ವಿದ್ಯೆಯನ್ನು ಕೊಟ್ಟು ಅವನಿಂದ ಅಕ್ಷಹೃದಯವನ್ನು, ಅಂದರೆ ದಾಳದ ವಿದ್ಯೆಯನ್ನು ಪಡೆಯುತ್ತಾನೆ. ಅದು ಒಳಗೆ ಇಳಿದ ಕೂಡಲೇ ಅವನನ್ನು ಹಿಡಿದಿದ್ದ ಕಲಿ ಮೈಬಿಟ್ಟು ಹೊರಬರುತ್ತಾನೆ. ಹಿಂದಿನ ಕಾಲದಲ್ಲಿ ದಾಳವಾಗಿ ಉರುಳುತ್ತಿದ್ದುದೂ ತಾರೆಕಾಯಿಯೇ. ಮರದ ಹಣ್ಣು ಎಣಿಸಬಲ್ಲವನೇ ದಾಳದ ಹೃದಯವನ್ನೂ ಬಲ್ಲ ಎಂದು ಆ ಕಥೆ ಕಟ್ಟಿದವರಿಗೆ ತಿಳಿದಿತ್ತು. ನನ್ನನ್ನು ಹೆಚ್ಚು ತಟ್ಟಿದ್ದು ನಳ ರಥ ನಿಲ್ಲಿಸಿ ಕೈಯಾರೆ ಎಣಿಸಿದ್ದು.

ದುಡ್ಡಿಟ್ಟು ಆಡುವುದರ ಬಗ್ಗೆ ನನ್ನ ಮನಸ್ಸು ಬದಲಾಗಿಲ್ಲ. ಹಳೆಯ ವಿದ್ಯಾರ್ಥಿಯೊಬ್ಬ ಮೊಬೈಲಿನಲ್ಲಿ ಆಡಿ ಸಾಲಗಾರನಾದದ್ದನ್ನು ಕಂಡಿದ್ದೇನೆ. 2025ರ ಆಗಸ್ಟ್‌ನಲ್ಲಿ ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ಸಂಸತ್ತು ಕಾನೂನು ಮಾಡಿ ನಿಷೇಧಿಸಿದಾಗ ನೆಮ್ಮದಿಯಾಯಿತು. ಆಟ ನಡೆಸುವವರು ಪ್ರತಿ ಗುಡ್ಡೆಯಿಂದಲೂ ತಮ್ಮ ಪಾಲು ಎತ್ತಿಕೊಳ್ಳುವಲ್ಲಿ, ಸರಿಸಮಾನರು ಆಡುತ್ತಾ ಹೋದರೆ ಕೊನೆಗೆ ಎಲ್ಲರೂ ಸೋಲುತ್ತಾರೆ.

ಕಳೆದ ದೀಪಾವಳಿಗೆ ಊರಿಗೆ ಹೋದೆ. ಮಾವನಿಗೆ ಈಗ 87. ಹೋಗುವ ಮುನ್ನಾ ದಿನ ಕೊನೆಗೂ ಆ ಲೆಕ್ಕ ಮಾಡಿದ್ದೆ. ಎಲೆಗಳು ಯಾವುವೆಂದು ಫೋನಿನಲ್ಲಿ ಕೇಳಿದಾಗ ಮಾವ ಒಂದು ಕ್ಷಣವೂ ತಡೆಯದೆ ಹೇಳಿದರು: "ಆಟಿನ್ ಎಕ್ಕ, ಹತ್ತು, ಆರು. ಎದುರಿನವನದು ಏಳು, ಎಂಟು, ಒಂಬತ್ತು. ಆರು ಜನ ಕೂತಿದ್ದೆವು." ಆ ಮೂರು ಎಲೆ ಕೈಯಲ್ಲಿರುವಾಗ ಉಳಿದ 49ರಿಂದ ಇನ್ನೊಬ್ಬರಿಗೆ ಮೂರೆಲೆ ಬರುವ ಬಗೆಗಳು 18,424. ಅವುಗಳಲ್ಲಿ ಮಾವನ ಎಲೆಯನ್ನು ಮೀರಿಸುವಂಥವು 779, ನೂರಕ್ಕೆ ನಾಲ್ಕಕ್ಕಿಂತ ಸ್ವಲ್ಪ ಹೆಚ್ಚು. ಐದು ಮಂದಿ ಎದುರಾಳಿಗಳಲ್ಲಿ ಒಬ್ಬರ ಬಳಿಯಾದರೂ ಅಂಥದ್ದಿರುವ ಸಾಧ್ಯತೆ ಹೆಚ್ಚುಕಡಿಮೆ ಐದರಲ್ಲಿ ಒಂದು. ಐದರಲ್ಲಿ ನಾಲ್ಕು ಸಲ ಆ ಗುಡ್ಡೆ ಮಾವನದ್ದೇ. ಯಾವ ಎಲೆಗಾಗಿ ಮನೆಯವರೆಲ್ಲ 57 ವರ್ಷ ಅವರನ್ನು ದೂರಿದರೋ, ಅದನ್ನು ಹಿಡಿದು ಕುಳಿತದ್ದು ಸರಿಯಾಗಿತ್ತು.

ಆದರೆ ಲೆಕ್ಕ ಅಲ್ಲಿಗೆ ಮುಗಿಯಲಿಲ್ಲ. ನಾಲ್ವರು ಬಿಟ್ಟು ಹೋಗಿ, ಉಳಿದ ಒಬ್ಬ ಎಲೆ ನೋಡಿಕೊಂಡು ಸುತ್ತಿಂದ ಸುತ್ತಿಗೆ ಏರಿಸುತ್ತಲೇ ಇದ್ದ. ಅವನು ಏರಿಸುವುದೇ ಒಂದು ಸಾಕ್ಷಿ. ಪ್ರತಿ ಸುತ್ತಿಗೂ ಆ ಐದರಲ್ಲಿ ಒಂದು ಬೆಳೆಯುತ್ತಾ ಹೋಗುತ್ತದೆ. ಎಷ್ಟೆಂದು ಹೇಳಲು ಆ ಮನುಷ್ಯ ಬರಿಗೈಯಲ್ಲಿ ಎಷ್ಟು ಸಲ ಏರಿಸುತ್ತಿದ್ದ ಎಂಬುದು ಗೊತ್ತಿರಬೇಕು. ದ್ವಿತೀಯ ಪಿಯುಸಿಯ ಬೇಯ್ಸ್ ಪ್ರಮೇಯ ಇದೇ. ಇಬ್ಬರೇ ಉಳಿದಾಗ ಒಂದು ಸಲದ ಹಣ ಹಾಕಿ ಶೋ ಕೇಳಬಹುದು, ಅಂದರೆ ಇಬ್ಬರೂ ಎಲೆ ತೆರೆದು ತೋರಿಸಬೇಕು, ಆಟ ಅಲ್ಲಿಗೆ ಮುಗಿಯುತ್ತದೆ. ಸೋತರೂ ಮುಂಗಡದ ಬಹುಪಾಲು ಉಳಿಯುತ್ತಿತ್ತು. ಮಾವ ಶೋ ಕೇಳಲಿಲ್ಲ.

ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದರು. ಪಕ್ಕದಲ್ಲಿ ಕುಳಿತು ನೋಟ್‌ಬುಕ್ ಬಿಡಿಸಿ ಎಲ್ಲವನ್ನೂ ಹೇಳಿದೆ. ಕನ್ನಡಕ ಸರಿಪಡಿಸಿಕೊಂಡು 779 ಮತ್ತು 18,424ರ ಮೇಲೆ ಬೆರಳಿಟ್ಟು ನೋಡಿದರು. "ಐದರಲ್ಲಿ ನಾಲ್ಕು ನನ್ನದಾಗಿತ್ತೇ?" ಎಂದು ಎರಡು ಸಲ ಕೇಳಿದರು. ಹೌದೆಂದೆ. ಒಳಗೆ ನಡುಮನೆಯಲ್ಲಿದ್ದ ಅತ್ತೆಗೆ ಕೇಳುವ ಹಾಗೆ ಇನ್ನೊಮ್ಮೆ ಅದನ್ನೇ ಹೇಳಿದರು.

"ಆದರೆ ಮಾವ, ಇಬ್ಬರೇ ಉಳಿದ ಮೇಲೆ ನೀವು ಶೋ ಕೇಳಬೇಕಿತ್ತು."

ಮಾವ ನೋಟ್‌ಬುಕ್ ಮುಚ್ಚಿ ನನ್ನ ಮಡಿಲಲ್ಲಿಟ್ಟರು. "ಅದು ಅವತ್ತೇ ಗೊತ್ತಿತ್ತು ಮಗಳೇ. ಕೇಳಿದರೆ ಆಟ ಮುಗಿದುಹೋಗುತ್ತಿತ್ತಲ್ಲ" ಎಂದು ಹೇಳಿ, ಮೆಟ್ಟುಗತ್ತಿಯ ಕಡೆ ತಿರುಗಿ ಬುಟ್ಟಿಯಿಂದ ಇನ್ನೊಂದು ಅಡಿಕೆ ತೆಗೆದುಕೊಂಡರು.